ಬೀಗಲ್: ‘ಶವಪೆಟ್ಟಿಗೆ’ ಹಡಗು ಮುಳುಗದೆ ಉಳಿದದ್ದು ಹೇಗೆ

ಬೀಗಲ್ ಅಂದರೆ ಡಾರ್ವಿನ್, ಡಾರ್ವಿನ್ ಅಂದರೆ ಬೀಗಲ್ ಎಂದು ಓದಿ ಬಂದವರೇ ನಾವೆಲ್ಲ. ಆದರೆ ಈ ಹಡಗನ್ನು ಕಟ್ಟಿದ್ದು ವಿಜ್ಞಾನಕ್ಕಲ್ಲ. 1807ರಲ್ಲಿ ಹೆನ್ರಿ ಪೀಕ್ ರೂಪಿಸಿದ ಚೆರೋಕೀ ವರ್ಗದ, ಹತ್ತು ತೋಪುಗಳ ಯುದ್ಧನೌಕೆ ಇದು. ಲಂಡನ್ ಬಳಿಯ ವೂಲಿಚ್‌ನಲ್ಲಿ 1820ರ ಮೇ 11ರಂದು ನೀರಿಗಿಳಿಯಿತು. ತಗಲಿದ ಖರ್ಚು 7,803 ಪೌಂಡ್. ನೆಪೋಲಿಯನ್ ಜೊತೆಗಿನ ಯುದ್ಧ ಅಷ್ಟರಲ್ಲಿ ಮುಗಿದಿತ್ತು. ಹಾಗಾಗಿ ಮೊದಲ ಕೆಲವು ವರ್ಷ ಹಾಯಿಕಂಬವೂ ಇಲ್ಲದೆ ಸುಮ್ಮನೆ ಲಂಗರು ಹಾಕಿಕೊಂಡು ನಿಂತಿತ್ತು.

ಉದ್ದ 90 ಅಡಿ 4 ಅಂಗುಲ, ಅಗಲ 24 ಅಡಿ 6 ಅಂಗುಲ, ‘235 ಟನ್’. ಈ ಟನ್ ನೋಡಿ ಎಡವುವವರು ಬಹಳ. ಇದು ತೂಕವಲ್ಲ, ಅಳತೆಪಟ್ಟಿಯ ಲೆಕ್ಕ: ಟನ್ ಲೆಕ್ಕಕ್ಕೆ ಹಿಡಿಯುವ ತಳಮರದ ಉದ್ದ (73.7 ಅಡಿ) × ಅಗಲ (24.5) × ಅಗಲದ ಅರ್ಧ (12.25) ÷ 94. ಗುಣಿಸಿ ನೋಡಿ, 235 ಬರುತ್ತದೆ.

ನಾವಿಕರು ಈ ವರ್ಗಕ್ಕೆ ಇಟ್ಟ ಅಡ್ಡಹೆಸರು ‘ಶವಪೆಟ್ಟಿಗೆ ಬ್ರಿಗ್’ (ಬ್ರಿಗ್ ಅಂದರೆ ಎರಡು ಹಾಯಿಕಂಬದ ಹಡಗು). ಕಾರಣ ಸರಳ. ಡೆಕ್ ನೀರಿನ ಮಟ್ಟಕ್ಕೆ ತೀರ ಹತ್ತಿರ. ಅದರ ಸುತ್ತ ಎತ್ತರದ ಮರದ ಗೋಡೆ. ದೊಡ್ಡ ಅಲೆ ಒಳಗೆ ಬಿದ್ದರೆ ನೀರು ತೊಟ್ಟಿಯಲ್ಲಿ ನಿಂತಂತೆ ನಿಲ್ಲುತ್ತದೆ. ಅಂದಾಜಿಗೆ ಡೆಕ್ಕಿನ ನಡುಭಾಗ 12 ಮೀಟರ್ ಉದ್ದ, 6 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅರ್ಧ ಮೀಟರ್ ನೀರು ನಿಂತರೆ 36 ಘನ ಮೀಟರ್, ಸಮುದ್ರದ ನೀರಾದ್ದರಿಂದ ಸುಮಾರು 37 ಟನ್ ತೂಕ. ಅದೂ ಗುರುತ್ವಕೇಂದ್ರಕ್ಕಿಂತ ಮೇಲೆ. ಭಾರಕ್ಕಿಂತ ಕೆಟ್ಟದ್ದು ಅದರ ಓಟ: ಹಡಗು ಎತ್ತ ವಾಲುತ್ತದೋ ನೀರೂ ಅತ್ತಲೇ ಹರಿದು, ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ಎರಡನೇ ಅಲೆ ಬರುವುದರೊಳಗೆ ನೀರು ಹೊರಹೋಗದಿದ್ದರೆ ಕಥೆ ಮುಗಿಯಿತು.

1825ರಲ್ಲಿ ಸಮುದ್ರ ಸಮೀಕ್ಷೆಗೆಂದು ಸಜ್ಜುಗೊಳಿಸುವಾಗ ತೋಪುಗಳನ್ನು ಆರಕ್ಕೆ ಇಳಿಸಿ, ಹಿಂಭಾಗದಲ್ಲಿ ಮೂರನೇ ಹಾಯಿಕಂಬ ನಿಲ್ಲಿಸಿದರು. ಅಲ್ಲಿಗೆ ಬ್ರಿಗ್ ಹೋಗಿ ಬಾರ್ಕ್ ಆಯಿತು. ಎರಡೇ ಕಂಬದ ಚಿತ್ರಕ್ಕೆ ‘ಡಾರ್ವಿನ್ನನ ಹಡಗು’ ಎಂದು ಬರೆದಿದ್ದರೆ ಅದು ತಪ್ಪು. ನಿಜವಾದ ಮದ್ದು ಸಿಕ್ಕಿದ್ದು 1831ರಲ್ಲಿ, ಡೆವನ್‌ಪೋರ್ಟ್‌ನಲ್ಲಿ. ಕ್ಯಾಪ್ಟನ್ ಫಿಟ್ಜ್‌ರಾಯ್ ಪಟ್ಟುಹಿಡಿದು ಡೆಕ್ಕನ್ನು ಹಿಂದೆ 8 ಅಂಗುಲ, ಮುಂದೆ 12 ಅಂಗುಲ ಎತ್ತರಿಸಿದರು. ಡೆಕ್ ಏರಿದಷ್ಟೂ ನೀರು ಹಿಡಿಯುವ ತೊಟ್ಟಿಯ ಆಳ ಕಡಿಮೆ. ತಳಕ್ಕೆ ಎರಡಂಗುಲದ ಫರ್ ಮರದ ಹಲಗೆ, ಅದರ ಮೇಲೆ ಫೆಲ್ಟ್, ಅದರ ಮೇಲೆ ಹೊಸ ತಾಮ್ರದ ತಗಡು ಹೊಡೆದರು. ಕಂಬಗಳಿಗೆ ಸ್ನೋ ಹ್ಯಾರಿಸ್ ರೂಪಿಸಿದ ಸಿಡಿಲುವಾಹಕ.

ಇದೆಲ್ಲದರ ಪರೀಕ್ಷೆ ನಡೆದದ್ದು 1833ರ ಜನವರಿ 13ರಂದು, ಕೇಪ್ ಹಾರ್ನ್ ಬಳಿ. ಸಾಲಾಗಿ ಮೂರು ಹೆದ್ದೆರೆ. ಮೊದಲನೆಯದು ವೇಗ ಕಿತ್ತುಕೊಂಡಿತು, ಎರಡನೆಯದು ದಿಕ್ಕು ತಪ್ಪಿಸಿತು, ಮೂರನೆಯದು ಹಡಗನ್ನು ಪಕ್ಕಕ್ಕೆ ಕೆಡವಿತು. ಒಂದು ಬದಿಯ ಗೋಡೆ ಎರಡು ಮೂರು ಅಡಿ ನೀರೊಳಗೆ. ಒಂದು ದೋಣಿ ಹೋಯಿತು. ಕೆಳಗಿಳಿಯುವ ಬಾಗಿಲುಗಳನ್ನು ಮೊದಲೇ ಭದ್ರಪಡಿಸಿದ್ದರು, ಪಕ್ಕದ ಕಿಂಡಿಗಳನ್ನು ತೆರೆದೊಡನೆ ನೀರು ಹೊರಗೆ ಸುರಿಯಿತು, ಹಡಗು ಎದ್ದು ನಿಂತಿತು. ನಾಲ್ಕನೇ ಅಲೆ ಬಂದಿದ್ದರೆ ಬಹುಶಃ ಉಳಿಯುತ್ತಿರಲಿಲ್ಲವೆಂದು ಫಿಟ್ಜ್‌ರಾಯ್ ಅವರೇ ಒಪ್ಪಿದ್ದಾರೆ.

ಡಾರ್ವಿನ್ ಹೋದ ಈ ಎರಡನೇ ಯಾನದ ಅಸಲು ಕೆಲಸ ರೇಖಾಂಶ ಅಳೆಯುವುದು. ಅದಕ್ಕೆಂದು 22 ಕ್ರೋನೋಮೀಟರ್‌ಗಳು, ಅಂದರೆ ಕರಾರುವಾಕ್ಕಾದ ಗಡಿಯಾರಗಳು. ಅಲುಗಾಟ ಕಡಿಮೆಯಿರುವ ಜಾಗದಲ್ಲಿ, ಪ್ರತಿ ಪೆಟ್ಟಿಗೆಯನ್ನೂ ಮರದ ಹೊಟ್ಟಿನಲ್ಲಿ ಕೂರಿಸಿ, ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಕೀಲಿ ಕೊಡುತ್ತಿದ್ದರು. ಇಷ್ಟು ನಾಜೂಕು ಯಾಕೆ? ರೇಖಾಂಶ ಸಿಗುವುದೇ ಎರಡು ಜಾಗಗಳ ಸಮಯದ ವ್ಯತ್ಯಾಸದಿಂದ. ನಾಲ್ಕು ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯಲ್ಲಿ 1.85 ಕಿಲೋಮೀಟರ್ ತಪ್ಪು. ಭೂಮಿ ಸುತ್ತಿ ಬಂದು ಎಲ್ಲ ರೇಖಾಂಶ ಅಂತರಗಳನ್ನು ಸಮಯದ ಲೆಕ್ಕದಲ್ಲಿ ಕೂಡಿದಾಗ, ಒಂದು ಪೂರ್ತಿ ಸುತ್ತಿಗೆ ಬರಬೇಕಾದ 24 ಗಂಟೆಗಿಂತ ಸುಮಾರು 33 ಸೆಕೆಂಡು ಹೆಚ್ಚಾಗಿತ್ತು, ಅಂದರೆ ಹದಿನೈದು ಕಿಲೋಮೀಟರ್‌ನಷ್ಟು. ಸುಮಾರು ಐದು ವರ್ಷದ ಯಾನಕ್ಕೆ ಇದು ದೊಡ್ಡ ತಪ್ಪೇನಲ್ಲ. ಅಂದಹಾಗೆ, ನಕ್ಷೆ ಬರೆಯುವ ಕೋಣೆಯೇ ಡಾರ್ವಿನ್ ಮಲಗುವ ಕೋಣೆಯೂ ಆಗಿತ್ತು. ಆರಡಿಯ ಆಳು ತೂಗುಹಾಸಿಗೆಯಲ್ಲಿ ಕಾಲು ಚಾಚಬೇಕಾದರೆ ಗೋಡೆಯ ಕಪಾಟಿನ ಒಂದು ಡ್ರಾಯರ್ ತೆಗೆದಿಡಬೇಕಿತ್ತು.

ಮೂರನೇ ಯಾನ 1837ರಿಂದ 1843, ಆಸ್ಟ್ರೇಲಿಯಾ ಕರಾವಳಿ. 1845ರಿಂದ ಎಸೆಕ್ಸ್‌ನ ರೋಚ್ ನದಿಯಲ್ಲಿ ಕಳ್ಳಸಾಗಣೆಯ ಮೇಲೆ ಕಣ್ಣಿಡುವ ಕಾವಲು ಹಡಗು. ಸಿಂಪಿ ವ್ಯಾಪಾರಿಗಳು ದಾರಿಗೆ ಅಡ್ಡವೆಂದು ದೂರಿದ ಮೇಲೆ ದಡಕ್ಕೆ ಸರಿಸಿದರು. 1863ರಲ್ಲಿ ಹೆಸರೂ ಹೋಗಿ ‘ವಾಚ್ ವೆಸೆಲ್ 7’ ಎಂಬ ಸಂಖ್ಯೆಯಷ್ಟೇ ಉಳಿಯಿತು. 1870ರಲ್ಲಿ ಒಡೆಯಲೆಂದು 525 ಪೌಂಡಿಗೆ ಮಾರಿದರು.