ಮಾಹಿತಿ ಹಕ್ಕು ಅರ್ಜಿ: ಉತ್ತರ ಕೇಳಬೇಡಿ, ಕಾಗದ ಕೇಳಿ

ಊರು ಸರಿಯಾಗಬೇಕು ಅನ್ನೋ ಆಸೆ ಎಲ್ಲರಿಗೂ ಇದೆ. ಆದರೆ ಸಾಮಾನ್ಯ ಜನರ ಕೈಯಲ್ಲಿ ಏನಿದೆ ಅಂತ ಕೇಳಿದರೆ ಓಟು ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಒಂದು ಓಟಿನಿಂದ ಇನ್ನೊಂದು ಓಟಿನವರೆಗಿನ ಐದು ವರ್ಷಕ್ಕೂ ಒಂದು ದಾರಿ ಇದೆ, ಅದೇ ಮಾಹಿತಿ ಹಕ್ಕು ಕಾಯ್ದೆ, 2005. ಇಲ್ಲಿ ಇಡೀ ಕಾಯ್ದೆ ಬರೆದಿಲ್ಲ. ತಲೆ ಕೆಡಿಸುವ ಎರಡು ಜಾಗ ಮಾತ್ರ.

ಹಿನ್ನೆಲೆ ಬೇಗ ಮುಗಿಸೋಣ. 1994ರಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನಸುನಾವಣೆ ನಡೆಸಿತು. ಕಾಮಗಾರಿಯ ಲೆಕ್ಕಪತ್ರವನ್ನು ಊರವರ ಮುಂದೆಯೇ ಓದುವುದು ಅದರ ಕ್ರಮ. ಇಂಥ ಲೆಕ್ಕಪತ್ರ ನೋಡುವ ಹಕ್ಕು ಬೇಕು ಅಂತ 1996ರಲ್ಲಿ ಅದೇ ರಾಜ್ಯದ ಬ್ಯಾವರ್‌ನಲ್ಲಿ 40 ದಿನ ಧರಣಿ ಆಯಿತು. ನಮ್ಮ ಕರ್ನಾಟಕ 2000ದಲ್ಲೇ ತನ್ನದೇ ಕಾಯ್ದೆ ಮಾಡಿಕೊಂಡಿತ್ತು. ಕೇಂದ್ರದ ಕಾಯ್ದೆ ಪೂರ್ತಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ. ಗಮನಿಸಿ, ಶುರುವಿನಿಂದಲೂ ಜನ ಕೇಳಿದ್ದು ಬಿಲ್ಲು, ಹಾಜರಿ ಪಟ್ಟಿ. ಭಾಷಣ ಅಲ್ಲ.

ತೊಡಕು 1: 'ಯಾಕೆ' ಅಂತ ಕೇಳಬಹುದಾ?

ಸೆಕ್ಷನ್ 2(ಎಫ್) ಮಾಹಿತಿ ಅಂದರೆ ಏನು ಅಂತ ಹೇಳುತ್ತದೆ. ಆ ಪಟ್ಟಿಯಲ್ಲಿ ದಾಖಲೆ, ಇಮೇಲ್, ಆದೇಶದ ಜೊತೆ ಅಭಿಪ್ರಾಯ, ಸಲಹೆ ಅನ್ನೋದೂ ಇದೆ. ಇದನ್ನು ಓದಿದವರಿಗೆ 'ನಮ್ಮ ರಸ್ತೆ ಆರೇ ತಿಂಗಳಲ್ಲಿ ಯಾಕೆ ಕಿತ್ತುಹೋಯಿತು?' ಅಂತ ಕೇಳಿ ಅಧಿಕಾರಿಯ ಅಭಿಪ್ರಾಯ ಪಡೆಯಬಹುದು ಅನ್ನಿಸುವುದು ಸಹಜ.

ಆಗುವುದಿಲ್ಲ. ಕಾಯ್ದೆ ಕೊಡಿಸುವುದು ಕಚೇರಿಯ ಕಡತದಲ್ಲಿ ಈಗಾಗಲೇ ಇರುವುದನ್ನು. ನಿಮ್ಮ ಅರ್ಜಿ ನೋಡಿ ಅಧಿಕಾರಿ ಹೊಸದಾಗಿ ಯೋಚಿಸಿ ಬರೆಯಬೇಕಿಲ್ಲ. 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಅಭಿಪ್ರಾಯ ಅಂದರೆ ಕಡತದಲ್ಲಿ ದಾಖಲಾಗಿರುವ ಅಭಿಪ್ರಾಯ, ಅಷ್ಟೇ.

ಹಾಗಂತ 'ಯಾಕೆ'ಯನ್ನು ಕೈಬಿಡಬೇಕಿಲ್ಲ. ಅದರ ಉತ್ತರ ಯಾವ ಕಾಗದದಲ್ಲಿ ಇರುತ್ತದೆ ಅಂತ ಯೋಚಿಸಿ, ಆ ಕಾಗದದ ದೃಢೀಕೃತ ಪ್ರತಿ ಕೇಳಿ. ಒಂದು ಸಿಮೆಂಟ್ ರಸ್ತೆಗೆ ಸಾಮಾನ್ಯವಾಗಿ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲು, ಗುಣಮಟ್ಟ ಪರೀಕ್ಷೆಯ ವರದಿ ಇರುತ್ತವೆ. ಯಾರು ಏನು ಷರಾ ಬರೆದು ಸಹಿ ಹಾಕಿದರು ಅನ್ನೋದು ಕಡತದ ಟಿಪ್ಪಣಿ ಹಾಳೆಯಲ್ಲಿ ಸಿಗುತ್ತದೆ. ಆ ಹಾಳೆಗಳನ್ನೂ ಕೇಳಲು ಮರೆಯಬೇಡಿ. ಕಾರಣ ಅಂತ ಏನಾದರೂ ಇದ್ದರೆ ಅದು ಕೂತಿರುವುದೇ ಅಲ್ಲಿ.

ಇದರಲ್ಲಿ ನನಗೆ ಬಹಳ ಇಷ್ಟ ಅಳತೆ ಪುಸ್ತಕ. ಇಂಜಿನಿಯರುಗಳು 'ಎಂ.ಬಿ.' ಅನ್ನುತ್ತಾರೆ. ಬಿಲ್ಲು ಆಗುವುದು ಇದರ ಮೇಲೆ. ಉದಾಹರಣೆಗೆ ಅದರಲ್ಲಿ ಉದ್ದ 120 ಮೀಟರ್, ಅಗಲ 3, ದಪ್ಪ 0.15 ಅಂತ ಬರೆದಿದೆ ಅಂದುಕೊಳ್ಳಿ. ಗುಣಿಸಿದರೆ 54 ಘನ ಮೀಟರ್ ಕಾಂಕ್ರೀಟ್. ಉದ್ದ, ಅಗಲ ನೀವೇ ಟೇಪು ಹಿಡಿದು ಅಳೆಯಬಹುದು. ದಪ್ಪ ಮಾತ್ರ ಮೇಲಿನಿಂದ ಕಾಣುವುದಿಲ್ಲ. ಅದು 0.10 ಇದ್ದರೆ ನೆಲದಲ್ಲಿ ಇರುವುದು 36 ಘನ ಮೀಟರ್. 18 ಘನ ಮೀಟರ್ ಕಾಗದದಲ್ಲೇ ಉಳಿಯಿತು!

ಇದಕ್ಕೂ ಕಾಯ್ದೆಯಲ್ಲೇ ದಾರಿ ಇದೆ. ಸೆಕ್ಷನ್ 2(ಜೆ) ಓದಿ. ಕಾಮಗಾರಿ ಮತ್ತು ದಾಖಲೆ ಪರಿಶೀಲಿಸುವುದು, ಟಿಪ್ಪಣಿ ಮಾಡಿಕೊಳ್ಳುವುದು, ದೃಢೀಕೃತ ಪ್ರತಿ ಪಡೆಯುವುದರ ಜೊತೆಗೆ ಸಾಮಗ್ರಿಯ, ಅಂದರೆ ಇಲ್ಲಿ ಆ ಕಾಂಕ್ರೀಟಿನ, ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಪುಸ್ತಕಗಳಲ್ಲಿ ಇದನ್ನು ಸುಮ್ನೆ ಒಂದು ಸಾಲಲ್ಲಿ ದಾಟಿಸಿಬಿಡುತ್ತಾರೆ. ನನ್ನ ಪ್ರಕಾರ ಊರಿನ ಕೆಲಸ ನೋಡಿಕೊಳ್ಳುವವರಿಗೆ ಇಡೀ ಕಾಯ್ದೆಯಲ್ಲಿ ಜಾಸ್ತಿ ಬೆಲೆಯ ಸಾಲು ಇದು.

ಇನ್ನೊಂದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಒಳಗೆ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ರಸ್ತೆ, ಬೀದಿದೀಪ, ಅಂಗನವಾಡಿ ಎಲ್ಲ ಒಂದೇ ಹಾಳೆಯಲ್ಲಿ ತುಂಬಿದರೆ ವಾಪಸ್ ಬರುತ್ತದೆ. ಯಾಕೆ ಬೇಕು ಅಂತ ಕಾರಣ ಬರೆಯಬೇಕಿಲ್ಲ, ಸೆಕ್ಷನ್ 6(2). ಅರ್ಜಿ ತಪ್ಪು ಕಚೇರಿಗೆ ಹೋಯಿತಾ? ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು, 6(3).

ತೊಡಕು 2: ದೂರು ಬೇರೆ, ಮೇಲ್ಮನವಿ ಬೇರೆ

ಇದು ನಿಜಕ್ಕೂ ಗೋಜಲು. ಮೊದಲು ದಿನಾಂಕ ನೋಡಿ. ಅರ್ಜಿ ಜೂನ್ 1ಕ್ಕೆ ತಲುಪಿತು. ಉತ್ತರ ಕೊಡಲು ಇರುವ 30 ದಿನ ಜುಲೈ 1ಕ್ಕೆ ಮುಗಿಯಿತು. ಉತ್ತರ ಇಲ್ಲ ಅಂದರೆ ನಿರಾಕರಿಸಿದ ಹಾಗೆಯೇ ಲೆಕ್ಕ. ಅಲ್ಲಿಂದ 30 ದಿನ, ಅಂದರೆ ಜುಲೈ 31ರೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಸೆಕ್ಷನ್ 19(1). ಜುಲೈ 10ಕ್ಕೆ ಕೊಟ್ಟರೆ ಅವರು ಆಗಸ್ಟ್ 9ರೊಳಗೆ ತೀರ್ಮಾನಿಸಬೇಕು. ಕಾರಣ ಬರೆದಿಟ್ಟು ಆಗಸ್ಟ್ 24ರವರೆಗೆ ಎಳೆಯಬಹುದು, ಅದಕ್ಕಿಂತ ಆಚೆ ಇಲ್ಲ. ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ, 19(3).

ಇಲ್ಲಿ ಸೆಕ್ಷನ್ 18 ಬಂದು ಆಸೆ ಹುಟ್ಟಿಸುತ್ತದೆ. ಉತ್ತರ ಬರಲಿಲ್ಲ, ಅರ್ಜಿ ತಗೊಳ್ಳಲಿಲ್ಲ, ಸುಳ್ಳು ಮಾಹಿತಿ ಕೊಟ್ಟರು ಅಂತ ನೇರವಾಗಿ ಆಯೋಗಕ್ಕೇ ದೂರು ಕೊಡಬಹುದು. ಮೊದಲ ಮೇಲ್ಮನವಿಯ ಓಡಾಟವೇ ಇಲ್ಲ! ಹತ್ತಿರದ ದಾರಿ ಅನ್ನಿಸುತ್ತದೆ, ಅಲ್ವಾ? ಆದರೆ 2011ರ ಮಣಿಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಸೆಕ್ಷನ್ 18ರ ದೂರಿನಲ್ಲಿ ಆಯೋಗ ಅಧಿಕಾರಿಗೆ ದಂಡ ಹಾಕಬಹುದು, ಮಾಹಿತಿ ಕೊಡಿ ಅಂತ ಆದೇಶ ಮಾಡುವ ಹಾಗಿಲ್ಲ. ಅಧಿಕಾರಿಗೆ ದಂಡ ಬಿದ್ದರೂ ಅಳತೆ ಪುಸ್ತಕ ನಿಮ್ಮ ಕೈಗೆ ಬರಲಿಲ್ಲ.

ನಾನು ನೆನಪಿಟ್ಟುಕೊಂಡಿರುವುದು ಇಷ್ಟೇ: ಕಾಗದ ಬೇಕಾದರೆ 19, ಬರೀ ಶಿಕ್ಷೆ ಸಾಕಾದರೆ 18. ಇನ್ನೂ ಸೂಕ್ಷ್ಮ ಒಂದಿದೆ. ದಂಡದ ಸೆಕ್ಷನ್ 20ರಲ್ಲಿ ದೂರು ಅಥವಾ ಮೇಲ್ಮನವಿ ತೀರ್ಮಾನಿಸುವಾಗ ಅಂತ ಎರಡೂ ಇದೆ. ಹಾಗಾಗಿ ಎರಡನೇ ಮೇಲ್ಮನವಿಯಲ್ಲೇ ಕಾಗದವನ್ನೂ ಕೇಳಿ, ದಂಡವನ್ನೂ ಕೇಳಿ. ನಿರಾಕರಿಸಿದ್ದು ಸರಿ ಅಂತ ಸಾಬೀತು ಮಾಡುವ ಹೊರೆಯೂ ಅಧಿಕಾರಿಯ ಮೇಲೆಯೇ, 19(5). 18ರ ದಾರಿ ಹಿಡಿದು ಇದನ್ನೆಲ್ಲ ಯಾಕೆ ಬಿಡಬೇಕು?

ದಂಡ ದಿನಕ್ಕೆ 250 ರೂಪಾಯಿ, ಒಟ್ಟು 25,000 ಮೀರುವುದಿಲ್ಲ. ಅದು ಬೀಳುವುದು ಮಾಹಿತಿ ಅಧಿಕಾರಿಯ ಮೇಲೆ, ಅಂದರೆ ನಿಮ್ಮ ಅರ್ಜಿಗೆ ಉತ್ತರ ಕೊಡಬೇಕಾದವರ ಮೇಲೆ. ಮೊದಲ ಮೇಲ್ಮನವಿ ಕೇಳುವ ಅಧಿಕಾರಿಗೆ ದಂಡ ಹಾಕುವ ಅಧಿಕಾರವೂ ಇಲ್ಲ, ಅವರ ಮೇಲೆ ದಂಡವೂ ಇಲ್ಲ. ದಂಡದ ಹಣ ಅರ್ಜಿದಾರರಿಗೆ ಬರುವುದಿಲ್ಲ. ನಿಮಗೆ ನಷ್ಟ ಆಗಿದ್ದರೆ ಪರಿಹಾರವನ್ನು 19(8)(ಬಿ) ಅಡಿಯಲ್ಲಿ ಬೇರೆಯಾಗಿ, ಲೆಕ್ಕ ಸಮೇತ ಕೇಳಬೇಕು. ಅದನ್ನು ಕೊಡಬೇಕಾದದ್ದು ಅಧಿಕಾರಿ ಅಲ್ಲ, ಆ ಕಚೇರಿ.