ನವಜಾತ ಶಿಶುವಿನ ರಕ್ತದಲ್ಲಿ ಟೈಫಾಯ್ಡ್

ಕಲುಷಿತ ನೀರು, ಆಹಾರಗಳಿಂದ ಹರಡುವ ಟೈಫಾಯ್ಡ್, ಹೊರಗಿನ ಒಂದು ಗುಟುಕು ನೀರನ್ನೂ ಕುಡಿಯದ ಹಸುಗೂಸಿಗೆ ಬರುವುದು ವಿರಳ. ಆದರೆ ಬಂದರೆ ಅಪಾಯಕಾರಿ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಮತ್ತು ಅದನ್ನೇ ಹೋಲುವ ಪ್ಯಾರಾಟೈಫಾಯ್ಡ್ ತರುವ ಪ್ಯಾರಾಟೈಫಿ ಎ ರೋಗಾಣುಗಳಿಗೆ ಮನುಷ್ಯನೇ ಆಶ್ರಯವಾದ್ದರಿಂದ, ಶಿಶುವಿನ ಸೋಂಕಿನ ಮೂಲ ಇನ್ನೊಬ್ಬರಲ್ಲಿ, ಹೆಚ್ಚಾಗಿ ತಾಯಿಯಲ್ಲಿ, ಇರುತ್ತದೆ. ಗರ್ಭಿಣಿಯ ರಕ್ತದಲ್ಲಿರುವ ರೋಗಾಣು ಮಾಸನ್ನು ದಾಟಿ ಭ್ರೂಣವನ್ನು ಸೇರಬಹುದು. ಹೆರಿಗೆಯ ವೇಳೆ ಮಲದ ಸಂಪರ್ಕದಿಂದ ಅಥವಾ ಆಮೇಲೆ ಎತ್ತಿಕೊಳ್ಳುವವರ ತೊಳೆಯದ ಕೈಗಳಿಂದಲೂ ಅಂಟಬಹುದು. ಜ್ವರ ವಾಸಿಯಾದ ಮೇಲೂ ಪಿತ್ತಕೋಶದಲ್ಲಿ ರೋಗಾಣುವನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವ ವಾಹಕರಲ್ಲಿ ಮಹಿಳೆಯರೇ ಹೆಚ್ಚು ಎಂಬುದು ಇಲ್ಲಿ ಗಮನಾರ್ಹ.

ದಿನದಿಂದ ದಿನಕ್ಕೆ ಏರುವ ಜ್ವರ ಶಿಶುವಿನಲ್ಲಿ ಕಾಣಲೇಬೇಕೆಂದಿಲ್ಲ. ಹಾಲು ಕುಡಿಯದಿರುವುದು, ವಾಂತಿ, ಭೇದಿ, ಹೊಟ್ಟೆಯುಬ್ಬರ, ಕಾಮಾಲೆ, ಕೆಲವೊಮ್ಮೆ ಸೆಳವು; ಮೈ ತಣ್ಣಗಾಗುವುದೂ ಉಂಟು. ಇವೆಲ್ಲ ನವಜಾತ ಶಿಶುವಿನ ಯಾವುದೇ ರಕ್ತದ ನಂಜಿನಲ್ಲಿ ಕಾಣುವಂಥವೇ ಆದ್ದರಿಂದ, ವೈದ್ಯರು ಸಾಮಾನ್ಯವಾಗಿ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್‌ನಿಂದ ಚಿಕಿತ್ಸೆ ಆರಂಭಿಸುತ್ತಾರೆ. ತೊಡಕಿರುವುದು ಇಲ್ಲಿಯೇ. ಆಂಪಿಸಿಲಿನ್‌ಗೆ ಬಗ್ಗದ ಟೈಫಿ ತಳಿಗಳು ಅನೇಕ. ಜೆಂಟಾಮೈಸಿನ್ ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣುವನ್ನು ಕೊಲ್ಲುತ್ತದೆ, ನಿಜ. ಆದರೆ ದೇಹದೊಳಗೆ ಟೈಫಿ ಅಡಗುವುದು ತನ್ನನ್ನು ನುಂಗಬೇಕಾದ ಬಿಳಿ ರಕ್ತಕಣಗಳ ಒಳಗೆ, ಮತ್ತು ಈ ಔಷಧಿ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ತಟ್ಟೆಯಲ್ಲಿ ಫಲಿತಾಂಶ ಎಷ್ಟೇ ಚೆನ್ನಾಗಿದ್ದರೂ ಸಾಲ್ಮೊನೆಲ್ಲಾಗೆ ಜೆಂಟಾಮೈಸಿನ್ ಪರಿಣಾಮಕಾರಿ ಎಂದು ವರದಿ ಮಾಡಬಾರದೆಂಬ ನಿಯಮವಿರುವುದು ಇದೇ ಕಾರಣಕ್ಕೆ.

ಹೀಗಾಗಿ ಆ್ಯಂಟಿಬಯಾಟಿಕ್ ಕೊಡುವ ಮುನ್ನ, ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯುವುದು, ಗರ್ಭಾವಸ್ಥೆಯ ಕೊನೆಯ ವಾರಗಳಲ್ಲಿ ತಾಯಿಗೆ ಜ್ವರವಿತ್ತೇ ಎಂದು ಕೇಳುವುದು, ಎರಡೂ ಮುಖ್ಯ. ಶಿಶುವಿನಿಂದ ತೆಗೆಯಬಹುದಾದ ರಕ್ತವೇ ಅಲ್ಪವಾದ್ದರಿಂದ ಕಲ್ಚರ್ ಕೂಡ ಕೆಲವೊಮ್ಮೆ ತಪ್ಪಿಹೋಗುತ್ತದೆ. ರಕ್ತದಲ್ಲಿ ಟೈಫಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ವಿಡಾಲ್ ಪರೀಕ್ಷೆಯನ್ನಂತೂ ಈ ವಯಸ್ಸಿನಲ್ಲಿ ನಂಬುವಂತಿಲ್ಲ. ಮಗುವಿನ ರಕ್ತದಲ್ಲಿ ಕಾಣುವ ಪ್ರತಿಕಾಯಗಳು ತಾಯಿಯಿಂದ ಬಂದವಾಗಿರಬಹುದು.

ರೋಗ ಖಚಿತವಾದರೆ ಸೆಫೋಟಾಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿಗಳಿವೆ. ಸೆಫ್ಟ್ರಿಯಾಕ್ಸೋನ್ ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ಅನ್ನು ರಕ್ತದಲ್ಲಿ ಅದನ್ನು ಹಿಡಿದಿಡುವ ಪ್ರೋಟೀನ್ ಆದ ಅಲ್ಬುಮಿನ್‌ನಿಂದ ಬೇರ್ಪಡಿಸುವುದರಿಂದ ಕಾಮಾಲೆಯಿರುವ ಶಿಶುಗಳಿಗೆ ಸೆಫೋಟಾಕ್ಸಿಮ್ ಮೇಲು. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಹರಡಿದ ತಳಿ ಇವೆರಡಕ್ಕೂ ಬಗ್ಗುವುದಿಲ್ಲ. ಅದಕ್ಕೆ ಉಳಿದಿರುವುದು ಮುಖ್ಯವಾಗಿ ಮೆರೊಪೆನಮ್ ಮತ್ತು ಅಜಿತ್ರೋಮೈಸಿನ್. ಎರಡನೆಯದು ಎಳೆ ಶಿಶುಗಳಲ್ಲಿ ಜಠರದ ಕೆಳದ್ವಾರವನ್ನು ಕಿರಿದಾಗಿಸುವ ಅಪಾಯವುಳ್ಳದ್ದು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು 6 ತಿಂಗಳು ತುಂಬಿದ ಮೇಲಷ್ಟೇ ಕೊಡಬಹುದು. ಅದು ಗುರಿಯಾಗಿಸುವ, ಟೈಫಿ ರೋಗಾಣುವಿನ ಮೈಮೇಲಿನ ವಿಐ (Vi) ಎಂಬ ಹೊದಿಕೆ ಪ್ಯಾರಾಟೈಫಿ ಎ ರೋಗಾಣುವಿಗೆ ಇಲ್ಲದ ಕಾರಣ, ಪ್ಯಾರಾಟೈಫಾಯ್ಡನ್ನು ಅದು ತಡೆಯುವುದೂ ಇಲ್ಲ.