ಯುದ್ಧದ ಸುಳ್ಳು ನಮ್ಮ ಅಂಜಿಕೆಯನ್ನೇ ಹುಡುಕುತ್ತದೆ

2025ರ ಮೇ ತಿಂಗಳು, ಭಾರತ ಮತ್ತು ಪಾಕಿಸ್ತಾನದ ನಡುವೆ ದಾಳಿಗಳು ನಡೆಯುತ್ತಿದ್ದ ದಿನಗಳು. ಒಂದು ರಾತ್ರಿ ಬೀದರ್‌ನಿಂದ ನನ್ನ ಹಳೆಯ ವಿದ್ಯಾರ್ಥಿನಿಯ ಫೋನ್ ಬಂತು. ‘ಸರ, ಇದು ಖರೇ ಅದೇನ್ರಿ?’ ಎನ್ನುತ್ತಾ ಒಂದು ವಿಡಿಯೋ ಕಳಿಸಿದಳು. ದೊಡ್ಡ ಸ್ಫೋಟ, ಆಕಾಶಕ್ಕೆ ಎದ್ದ ಹೊಗೆ. ಭಾರತದ ಮೇಲೆ ಕ್ಷಿಪಣಿ ಬಿದ್ದಿದೆ ಎಂದು ಕೆಳಗೆ ಬರೆದಿತ್ತು. ಅದು 2020ರ ಆಗಸ್ಟ್‌ನಲ್ಲಿ ಲೆಬನಾನ್‌ನ ಬೈರೂತ್ ಬಂದರಿನಲ್ಲಿ ಆದ ಸ್ಫೋಟ. ತರಗತಿಯಲ್ಲಿ ನಾನೇ ತೋರಿಸಿದ್ದ ದೃಶ್ಯ. ಆದರೂ ಅವಳಿಗೆ ಗುರುತು ಸಿಗಲಿಲ್ಲ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ, ವಿಮಾನದ ಸದ್ದು ಕೇಳುತ್ತಲೇ ಬೆಳೆದ ಹುಡುಗಿ ಅವಳು. ಆ ರಾತ್ರಿ ಪ್ರತಿ ಸದ್ದೂ ಅವಳಿಗೆ ಬೇರೆಯಾಗಿ ಕೇಳುತ್ತಿತ್ತು. ಪಕ್ಕದಲ್ಲಿ ಅವರ ತಾಯಿ, ಎಟಿಎಂ ಎರಡು ಮೂರು ದಿನ ಬಂದ್ ಆಗುತ್ತವಂತೆ, ಈಗಲೇ ದುಡ್ಡು ತಗೊಂಡು ಬಾ ಎನ್ನುತ್ತಿದ್ದರು. ಅದೂ ಸುಳ್ಳೇ.

ನಾನು ಕಲಬುರಗಿಯಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ಈ ಭಾಗದ ಕಾಲೇಜು, ಹಳ್ಳಿಗಳಲ್ಲಿ ಸುದ್ದಿ ಪರೀಕ್ಷಿಸುವುದು ಹೇಗೆ ಎಂಬ ಶಿಬಿರ ನಡೆಸುತ್ತೇನೆ. ಓದಿದವರೂ ಹೇಗೆ ನಂಬುತ್ತಾರೆ ಎಂದು ಎಲ್ಲ ಕಡೆ ಕೇಳುತ್ತಾರೆ. ಓದಿಗೂ ಇದಕ್ಕೂ ಸಂಬಂಧ ಕಡಿಮೆ. ಯಾವ ಮನೆಯಲ್ಲಿ ಯಾವ ಅಂಜಿಕೆ ಮೊದಲೇ ಇದೆಯೋ, ಯುದ್ಧದ ಸುಳ್ಳು ಅದನ್ನೇ ಹುಡುಕಿಕೊಂಡು ಬರುತ್ತದೆ.

ಉಕ್ರೇನ್ ಯುದ್ಧವನ್ನೇ ತಗೊಳ್ಳಿ. ಯುದ್ಧ ಒಂದೇ, ಆದರೆ ಒಂದೊಂದು ದೇಶಕ್ಕೆ ಒಂದೊಂದು ಸುಳ್ಳು. ಜರ್ಮನಿಯವರಿಗೆ ಗ್ಯಾಸ್ ಬಿಲ್ಲಿನ ಚಿಂತೆ. ಅವರಿಗಾಗಿ ರಷ್ಯಾ ಪರ ಜಾಲದವರು ಡೆರ್ ಸ್ಪೀಗೆಲ್ ಪತ್ರಿಕೆಯದೇ ಎನ್ನುವಂಥ ನಕಲಿ ಪುಟ ಮಾಡಿ, ರಷ್ಯಾದ ಮೇಲಿನ ನಿರ್ಬಂಧದಿಂದ ನೀವೇ ಹಾಳಾಗುತ್ತೀರಿ ಎಂದು ಬರೆದರು. ಇದು 2022ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ಪೋಲೆಂಡ್‌ನವರಿಗೆ ತಮ್ಮ ಮಕ್ಕಳನ್ನು ಯುದ್ಧಕ್ಕೆ ಎಳೆದಾರು ಎಂಬ ದಿಗಿಲು. 2024ರ ಮೇ 31ರಂದು ಅಲ್ಲಿನ ಸರ್ಕಾರಿ ಸುದ್ದಿಸಂಸ್ಥೆ ಪಿಎಪಿಯ ಜಾಲದಲ್ಲೇ ಸುದ್ದಿ ಹೊರಬಿತ್ತು: ಜುಲೈ 1ರಿಂದ 2 ಲಕ್ಷ ಜನರನ್ನು ಸೇನೆಗೆ ಕರೆಸಿ ಉಕ್ರೇನ್‌ಗೆ ಕಳಿಸುತ್ತಾರೆ. ಸಂಸ್ಥೆ ಕೂಡಲೇ ಅದನ್ನು ತೆಗೆದುಹಾಕಿತು. ಇದು ರಷ್ಯಾದ ಸೈಬರ್ ದಾಳಿ ಇರಬೇಕು ಎಂದರು ಪ್ರಧಾನಿ ಡೊನಾಲ್ಡ್ ಟುಸ್ಕ್.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು. ಯುದ್ಧ ಶುರುವಾದ ಒಂದು ವಾರದೊಳಗೆ ಪೋಲೆಂಡ್ ಗಡಿಯ ಪ್ಶೆಮಿಶ್ಲ್ ಪಟ್ಟಣದಲ್ಲಿ ಗಾಳಿಸುದ್ದಿ ಎದ್ದಿತು. ಉಕ್ರೇನ್‌ನಿಂದ ಓಡಿಬಂದ ಹೊರದೇಶದವರು ಕಳ್ಳತನ, ಅತ್ಯಾಚಾರ ಮಾಡುತ್ತಿದ್ದಾರೆ ಎಂದು. ಪೊಲೀಸರು ಸುಳ್ಳು ಎಂದು ಹೇಳಬೇಕಾಯಿತು. ಅದೇ ಹೊತ್ತಿಗೆ ಗುಂಪೊಂದು ಅಲ್ಲಿ ಮೂವರು ಭಾರತೀಯರನ್ನು ಹೊಡೆಯಿತು.

ಈ ಕಥೆ ಹೇಳಿದಾಗಲೆಲ್ಲ ಬೀದರ್ ಜಿಲ್ಲೆಯವರು ತಲೆ ತಗ್ಗಿಸುತ್ತಾರೆ. 2018ರ ಜುಲೈ 13ರಂದು ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಎಂದುಕೊಂಡು ಜನ ಹೈದರಾಬಾದ್‌ನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಜೊತೆಯಲ್ಲಿದ್ದವರೂ ಗಾಯಗೊಂಡರು. ಆ ತಿಂಗಳುಗಳಲ್ಲಿ ದೇಶದ ತುಂಬ ಓಡಾಡಿದ ವಿಡಿಯೋ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಚಿತ್ರ. ಕೊನೆಗೆ ಮಗುವನ್ನು ವಾಪಸ್ ತಂದುಬಿಟ್ಟು, ಜಾಗೃತಿಯ ಬರಹ ತೋರಿಸುತ್ತಾರೆ. ಆ ಕೊನೆಯ ಭಾಗ ಕತ್ತರಿಸಿದ ತುಂಡನ್ನೇ ನಾವು ಒಬ್ಬರಿಗೊಬ್ಬರು ಕಳಿಸಿಕೊಂಡೆವು. ಯಾವ ಶತ್ರು ದೇಶವೂ ನಮ್ಮ ಕೈ ಹಿಡಿದು ಕಳಿಸಿರಲಿಲ್ಲ.

ನಮ್ಮ ಕಡೆ ಒಂದೇ ಮನೆಯ ಫೋನಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಗುಂಪುಗಳಿರುತ್ತವೆ. ಸುಳ್ಳು ನಾಲ್ಕೂ ಭಾಷೆಯಲ್ಲಿ ತಕ್ಷಣ ಬರುತ್ತದೆ, ತಿದ್ದುಪಡಿ ತಡವಾಗಿ ಬರುತ್ತದೆ. ಹೆದರಿಸುವ ವಿಡಿಯೋ ಬಂದರೆ ಜನ ಖರೇ ಅದೇನ್ರಿ ಎಂದಾದರೂ ಕೇಳುತ್ತಾರೆ. ಖುಷಿ ಕೊಡುವುದನ್ನು ಯಾರೂ ಕೇಳುವುದಿಲ್ಲ. ಆ ಮೇ ವಾರದಲ್ಲಿ ಕರಾಚಿ ಬಂದರು ಸುಟ್ಟುಹೋಯಿತು ಎಂಬ ವಿಡಿಯೋ ನನಗೆ ಎಷ್ಟೋ ಜನ ಕಳಿಸಿದರು. ಒಬ್ಬರೂ ಅನುಮಾನ ಪಡಲಿಲ್ಲ. ಆ ಬೆಂಕಿ ಅಮೆರಿಕದ ಫಿಲಡೆಲ್ಫಿಯಾದ್ದು. ಅದೇ ವರ್ಷದ ಜನವರಿಯಲ್ಲಿ ಅಲ್ಲೊಂದು ಸಣ್ಣ ವಿಮಾನ ಬಿದ್ದಿತ್ತು.

ಹಾಗಾಗಿ ಈಗ ಶಿಬಿರದಲ್ಲಿ, ಚಿತ್ರದ ಮೂಲ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹತ್ತು ನಿಮಿಷ ಅಷ್ಟೇ. ಉಳಿದ ಹೊತ್ತು ಮಕ್ಕಳ ಸುರಕ್ಷತೆಯ ಆ ಕರಾಚಿ ವಿಡಿಯೋಗೆ. ಮಗುವನ್ನು ಎತ್ತಿಕೊಂಡ ಕಡೆ ನಿಲ್ಲಿಸುತ್ತೇನೆ. ಈಗ ನೀವು ಯಾರಿಗೆ ಕಳಿಸುತ್ತೀರಿ, ಹೆಸರು ಬರೆಯಿರಿ ಎನ್ನುತ್ತೇನೆ. ಅಕ್ಕ, ಅತ್ತೆ, ಓಣಿಯ ಗುಂಪು ಎಂದು ಬರೆಯುತ್ತಾರೆ. ಎಲ್ಲರೂ ಬರೆದು ಮುಗಿಸಿದ ಮೇಲೆ ಉಳಿದ ಭಾಗ ತೋರಿಸುತ್ತೇನೆ.